ಎಡಗಡೆಯ ಹಾರ್ನ್

ಸ್ಟೀರಿಂಗ್ ಮೇಲೆ ಹಾರ್ನ್ ಇರುವಾಗ ಇನ್ನೊಂದು ಹಾರ್ನ್ ಬಟನ್ ಯಾಕೆ ಬೇಕು ಎಂದು ನಾನು ಕಾಕಾನನ್ನು ಕೇಳಲಿಲ್ಲ. ಆ ದಿನಗಳಲ್ಲಿ ನಾನು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಗಾಡಿ ಬಂದರೆ ಬಾನೆಟ್ ಎತ್ತುತ್ತಿದ್ದೆ, ವೈರ್ ಹುಡುಕುತ್ತಿದ್ದೆ, ಕೆಲಸ ಮುಗಿದರೆ ಬಾನೆಟ್ ಇಳಿಸುತ್ತಿದ್ದೆ. ಹೆಂಡತಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಓಣಿಯವರೆಲ್ಲ ‘ಮಿಸ್ತ್ರಿ ಗಟ್ಟಿ ಮನುಷ್ಯ’ ಎನ್ನುತ್ತಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಸ್ವಲ್ಪ ಹೊತ್ತು ತುಟಿ ಇದ್ದೂ ಇಲ್ಲದಂತೆ ಇರುತ್ತದಲ್ಲ, ನಾನು ಹಾಗಿದ್ದೆ. ಆ ಸ್ವಲ್ಪ ಹೊತ್ತು ಮಾತ್ರ ಮುಗಿದಿರಲಿಲ್ಲ.

ನನ್ನದು ಮಹಾಂತೇಶ ನಗರದಲ್ಲಿ ಮನೆಯ ಮುಂದೆಯೇ ಹಾಕಿಕೊಂಡ ತಗಡಿನ ಶೆಡ್ಡು. ಕಾರಿನ ವೈರಿಂಗ್ ಕೆಲಸ ಮಾತ್ರ ಮಾಡುತ್ತೇನೆ. ಲೈಟು, ಹಾರ್ನು, ಸೆಲ್ಫು, ಬ್ಯಾಟರಿ. ಮಗಳು ಮದುವೆಯಾಗಿ ಗೋಕಾಕದಲ್ಲಿದ್ದಾಳೆ. ಬ್ರೇಕ್ ಲೈಟ್ ನೋಡಬೇಕಾದರೆ ಇಬ್ಬರು ಬೇಕಾಗುತ್ತದೆ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಬೇಕು. ಒತ್ತುವ ಕೆಲಸ ಇಷ್ಟು ವರ್ಷ ನನ್ನ ಹೆಂಡತಿಯದು. ಕೈಗೆ ರೊಟ್ಟಿ ಹಿಟ್ಟು ಹತ್ತಿದ್ದರೂ ಬಂದು, ಸೀರೆ ನೆರಿಗೆ ಎತ್ತಿ ಹಿಡಿದು, ಬಾಗಿಲಲ್ಲೇ ನಿಂತು ಒಂದೇ ಕಾಲಿನಿಂದ ಒತ್ತಿ, “ಹತ್ತೇತೇನ್ರಿ?” ಎಂದು ಕೂಗುತ್ತಿದ್ದಳು. ಈಗ ಪೆಡಲ್ ಮೇಲೆ ಒಂದು ಇಟ್ಟಂಗಿ ಇಡುತ್ತೇನೆ. ಇಟ್ಟಂಗಿ ಚೆನ್ನಾಗಿಯೇ ಒತ್ತುತ್ತದೆ.

ಕಾಕಾ ನನ್ನ ಸಂಬಂಧಿಕರಲ್ಲ, ಗಿರಾಕಿ; ವಯಸ್ಸಿಗೆ ಮರ್ಯಾದೆ ಕೊಟ್ಟು ಕಾಕಾ ಎನ್ನುತ್ತಿದ್ದೆ. ಅವರ ಊರು ಖಾನಾಪುರದಿಂದ ಹಲಸಿ ಕಡೆಗೆ ಹೋಗುವ ಕಾಡಿನ ರಸ್ತೆಯ ಮೇಲೆ. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ನೌಕರಿಯ ಬಹುಪಾಲು ಅದೇ ರಸ್ತೆಯಲ್ಲಿ ಬಸ್ಸು ಹೊಡೆದವರು. ಮನೆಯ ಮಾತು ಮರಾಠಿ, ಆದರೆ ನನ್ನ ಮುಂದೆ ಮನೆಯವರೆಲ್ಲ ಕನ್ನಡವೇ ಆಡುತ್ತಿದ್ದರು. ಅವರ ಹೆಂಡತಿಗೆ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಸಲ ಬೆಳಗಾವಿಗೆ ಡಯಾಲಿಸಿಸ್‌ಗೆ ಕರೆತರಬೇಕಿತ್ತು. ಮಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪಾಳಿಯ ಕೆಲಸಗಾರ. ಅವನಿಗೆ ರಜೆ ಸಿಗುವ ದಿನ ಬೇರೆ, ಡಯಾಲಿಸಿಸ್ ದಿನ ಬೇರೆ. ಹಾಗಾಗಿ ಹಳೆಯದೊಂದು ಸಣ್ಣ ಕಾರು ಇಟ್ಟುಕೊಂಡು ಕಾಕಾನೇ ಹೆಂಡತಿಯನ್ನು ಕರೆತರುತ್ತಿದ್ದರು. ಆಕೆಯನ್ನು ಆಸ್ಪತ್ರೆಯಲ್ಲಿ ಮಷೀನಿಗೆ ಹಚ್ಚಿಸಿ, ಮುಗಿಯುವತನಕ ಹೊತ್ತು ಹೋಗಬೇಕಲ್ಲ, ನನ್ನ ಶೆಡ್ಡಿಗೆ ಬಂದರು.

“ಮಿಸ್ತ್ರಿ, ನಂಗ ಇನ್ನೊಂದು ಹಾರ್ನ್ ಬಟನ್ ಬೇಕು. ಎಡಗೈಗರೆ ಹಚ್ಚು, ಕಾಲಿಗರೆ ಹಚ್ಚು,” ಎಂದರು. ನಾನು ಕೇಳದಿದ್ದರೂ ಬಲಗೈ ಮುಂದೆ ಮಾಡಿ ತೋರಿಸಿದರು. “ಸಣ್ಣ ಲಕ್ವಾ ಹೊಡದು ಹೋತು. ಬಾಕಿ ಎಲ್ಲಾ ಬರೋಬರ್ ಐತಿ. ಈ ಹೆಬ್ಬಟ್ಟ ಒಂದ ಹೇಳಿದ ಮಾತು ಕೇಳಂಗಿಲ್ಲ. ಜೋಮು ಹಿಡದಂಗ ಇರತೈತಿ.”

ನಾನು ಹೂಂ ಅಂದೆ.

“ನಮ್ಮ ರಸ್ತಾ ನೋಡೀಯಿಲ್ಲೋ? ಎದುರಿಗೆ ಆನಿ ಬಂದ್ರೂ ಕಾಣಂಗಿಲ್ಲ. ಟರ್ನಿಂಗಿಗೆ ಮದಲ ಒಂದು ಉದ್ದ ಹೊಡೀಬೇಕು, ಒಳಗ ಹೋದ ಮ್ಯಾಲೆ ಎರಡು ಗಿಡ್ಡ. ಆ ಲೈನಿನ ಡ್ರೈವರ್ ಮಂದಿ ಎಲ್ಲಾರೂ ಹಿಂಗ. ಟರ್ನಿಂಗಿನ್ಯಾಗ ಹಾರ್ನ್ ಹೊಡೀಲಾರದಾಂವ ಡ್ರೈವರ್ ಅಲ್ಲ, ಗಾಡಿ ಒಳಗಿನ ಸಾಮಾನು.”

ಅವರ ತೊಂದರೆ ನನಗೆ ಅರ್ಥವಾಯಿತು. ಬಲಗೈ ಹೆಬ್ಬೆರಳು ಒತ್ತುವುದಿಲ್ಲ. ಎಡಗೈಯಿಂದ ಹಾರ್ನ್ ಒತ್ತಬೇಕೆಂದರೆ ಆ ಕೈಯನ್ನು ಸ್ಟೀರಿಂಗ್‌ನಿಂದ ಎತ್ತಬೇಕು. ಅದೂ ತಿರುವಿನಲ್ಲಿ.

ಹಾರ್ನಿನ ಹಿಂದಿನ ಲೆಕ್ಕ ಸರಳವಾದದ್ದು. ಸ್ಟೀರಿಂಗ್ ಮೇಲಿನ ಬಟನ್ ಹಾರ್ನಿಗೆ ಕರೆಂಟ್ ಕೊಡುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಈ ಕಾರುಗಳಲ್ಲಿ ಹಾಗಲ್ಲ. ಕರೆಂಟು ಫ್ಯೂಸ್ ದಾಟಿ ರಿಲೇ ಎಂಬ ಸಣ್ಣ ಸ್ವಿಚ್ಚಿನ ಡಬ್ಬಿಯ ತನಕ ಬಂದು ಕಾಯುತ್ತಾ ನಿಂತಿರುತ್ತದೆ. ರಿಲೇಯಿಂದ ಒಂದು ಸಣ್ಣ ವೈರು ಸ್ಟೀರಿಂಗ್‌ಗೆ ಹೋಗುತ್ತದೆ. ಬಟನ್ ಒತ್ತಿದಾಗ ಆ ವೈರು ಗಾಡಿಯ ಬಾಡಿಗೆ ತಾಗುತ್ತದೆ, ಅಂದರೆ ಅರ್ಥ್ ಆಗುತ್ತದೆ, ಆಗ ರಿಲೇ ಕಚ್ಚಿಕೊಂಡು ಹಾರ್ನಿಗೆ ಕರೆಂಟ್ ಬಿಡುತ್ತದೆ. ಎರಡನೇ ಬಟನ್ ಬೇಕೆಂದರೆ ಅದೇ ಸಣ್ಣ ವೈರಿಗೆ ಇನ್ನೊಂದು ಕವಲು ತೆಗೆದು ಬೇಕಾದಲ್ಲಿಗೆ ಒಯ್ದು, ಅಲ್ಲೊಂದು ಬಟನ್ ಕೂರಿಸಿ, ಆಚೆ ತುದಿಯನ್ನು ಬಾಡಿಗೆ ಬಿಗಿದರೆ ಆಯಿತು. ಒಂದೇ ಮನೆಗೆ ಎರಡು ಬಾಗಿಲು ಇಟ್ಟ ಹಾಗೆ. ಆದರೆ ಆ ವೈರು ಎಲ್ಲೇ ಸವೆದು ಕಬ್ಬಿಣಕ್ಕೆ ತಾಗಲಿ, ಯಾರೂ ಒತ್ತದೆಯೇ ಹಾರ್ನ್ ಕೂಗುತ್ತದೆ.

ಕಾಲಿಗೆ ಹಚ್ಚೋಣ ಎಂದೆ. ಹಳೆಯ ಲಾರಿಗಳಲ್ಲಿ ಲೈಟಿನ ಡಿಪ್ಪರ್ ಸ್ವಿಚ್ ನೆಲದ ಮೇಲೆ ಇರುತ್ತಿತ್ತು, ಎಡಗಾಲಿನಿಂದ ಒತ್ತುವಂಥದ್ದು. ಅಂಥದೊಂದು ನನ್ನ ಗುಜರಿ ಡಬ್ಬಿಯಲ್ಲಿತ್ತು. ಕಾಕಾಗೆ ಅದನ್ನು ನೋಡಿಯೇ ಖುಷಿಯಾಯಿತು. “ನನ್ನ ಮದಲನೇ ಬಸ್ಸಿನ್ಯಾಗ ಖರೇ ಇಂಥಾದ್ದ ಇತ್ತಲ್ಲೋ,” ಎಂದು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು. ಕ್ಲಚ್‌ನ ಎಡಕ್ಕೆ ಮ್ಯಾಟ್ ಎತ್ತಿ, ತಗಡಿಗೆ ಎರಡು ತೂತು ಕೊರೆದು, ಸ್ಕ್ರೂ ಬಿಗಿದೆ. ಬಣ್ಣ ಕೆರೆದು ಅರ್ಥ್ ಕೊಟ್ಟೆ. ಒತ್ತಿ ನೋಡಿರಿ ಎಂದೆ.

ಕಾಕಾ ಒತ್ತಿದರು. ಹಾರ್ನ್ ಹೊಡೆಯಿತು. ಕಾಲು ತೆಗೆದರು. ಹಾರ್ನ್ ನಿಲ್ಲಲಿಲ್ಲ.

ಡಿಪ್ಪರ್ ಸ್ವಿಚ್ ಒತ್ತಿದಷ್ಟು ಹೊತ್ತು ಕೆಲಸ ಮಾಡುವ ಸ್ವಿಚ್ ಅಲ್ಲ. ಒಮ್ಮೆ ಒತ್ತಿದರೆ ಆಚೆ, ಇನ್ನೊಮ್ಮೆ ಒತ್ತಿದರೆ ಈಚೆ, ಬಿಟ್ಟಲ್ಲೇ ಕೂರುತ್ತದೆ. ಅದು ಈ ಕಸುಬಿನ ಅಆಇಈ. ನಿನ್ನೆ ಕೆಲಸಕ್ಕೆ ಸೇರಿದವನೂ ಈ ತಪ್ಪು ಮಾಡಲಾರ. ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು, ಎದುರು ಮನೆಯವರು ಗೇಟಿಗೆ ಬಂದರು, ನಾನು ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಅದನ್ನು ಕೇಳುತ್ತಾ ನಿಂತಿದ್ದೆ. ಬೇರೆ ಯಾರದೋ ಗಾಡಿ, ಬೇರೆ ಯಾರದೋ ಓಣಿ ಎನಿಸುತ್ತಿತ್ತು. ಕೊನೆಗೆ ಕಾಕಾನೇ ಇನ್ನೊಮ್ಮೆ ಒತ್ತಿ ನಿಲ್ಲಿಸಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏ ಮಿಸ್ತ್ರಿ, ಟರ್ನಿಂಗ್ ಮುಗದು ಮನಿ ಮುಟ್ಟಿದ್ರೂ ಹೊಡ್ಕೋತನ ಇರತೈತಲ್ಲೋ ಇದು!”

ನಾನೂ ನಗಬೇಕಿತ್ತು. ಬಾಯಿ ತುಸು ಅಗಲಿಸಿದೆ.

ಅದನ್ನು ಕಿತ್ತು ಹಾಕಿದೆ. ಒತ್ತಿದರೆ ಹತ್ತುವ, ಬಿಟ್ಟರೆ ಆರುವ ಸ್ಪ್ರಿಂಗ್ ಬಟನ್ ತಂದೆ. ಕಾಲಿನ ವಿಚಾರವನ್ನೂ ಬಿಟ್ಟೆ, ತಿರುವಿನಲ್ಲಿ ಎಡಗಾಲಿಗೆ ಕ್ಲಚ್‌ನ ಕೆಲಸವೇ ಸಾಕಷ್ಟಿರುತ್ತದೆ. ತಿರುವಿಗೆ ಬಂದಾಗ ಎಡಗೈ ಗೇರ್ ಮೇಲೆ ಹೋಗುವುದು ಖಂಡಿತ. ಹಾಗಾದರೆ ಗೇರಿನ ಗುಂಡಿನ ಮೇಲೆಯೇ ಬಟನ್ ಇದ್ದರೆ? ಕಾಕಾನ ಮುಂದಿನ ಬೆಳಗಾವಿ ದಿನ ಅದನ್ನು ಮಾಡಿದೆ. ಗುಂಡಿಗೆ ತೂತು ಕೊರೆದು ಬಟನ್ ಕೂರಿಸಿ, ವೈರನ್ನು ಲಿವರ್ ಗುಂಟ ಇಳಿಸಿ, ಕೆಳಗಿನ ರಬ್ಬರಿನ ಒಳಗಿಂದ ಡ್ಯಾಶ್‌ಬೋರ್ಡ್ ಕೆಳಗಿರುವ ರಿಲೇ ತನಕ ಒಯ್ದೆ. ನೋಡಲು ಚೆಂದ ಕಂಡಿತು.

ಅದೇ ಸಂಜೆ ಆಸ್ಪತ್ರೆಯಿಂದ ಫೋನು. ಹೆಂಡತಿಯನ್ನು ಕೂರಿಸಿಕೊಂಡು ಗಾಡಿ ಹಿಂದೆ ತೆಗೆಯಲು ರಿವರ್ಸ್ ಹಾಕಿದರೆ ಹಾರ್ನ್ ತಾನೇ ಕೂಗಿತಂತೆ. ನ್ಯೂಟ್ರಲ್ ಮಾಡಿದರೆ ಸುಮ್ಮನಾಗುತ್ತದೆ, ಮತ್ತೆ ರಿವರ್ಸ್ ಹಾಕಿದರೆ ಮತ್ತೆ ಕೂಗು. ವಾಚ್‌ಮನ್ ಬಡಿಗೆ ಹಿಡಿದು ಓಡಿ ಬಂದನಂತೆ. ಕೊನೆಗೆ ಕಾಕಾ ಇಬ್ಬರನ್ನು ಕರೆದು ಗಾಡಿಯನ್ನು ನೂಕಿಸಿ ಹಿಂದೆ ತೆಗೆದರಂತೆ. ಅಲ್ಲಿಂದ ನೇರ ನನ್ನ ಶೆಡ್ಡಿಗೆ ತಂದರು. ನಾನು ಬಿಗಿದ ವೈರಿಗೆ ಸಡಿಲು ಬಿಟ್ಟಿರಲಿಲ್ಲ. ರಿವರ್ಸ್‌ಗೆ ಲಿವರ್ ಪೂರಾ ವಾಲಿದಾಗ ರಬ್ಬರಿನ ಕೆಳಗಿನ ತಗಡಿನ ಬಳೆಗೆ ಸಿಕ್ಕು ಅದರ ಮೈ ಕತ್ತರಿಸಿತ್ತು. ಮತ್ತೆ ಬಿಚ್ಚಿ, ಮೇಲೆ ದಪ್ಪ ಕೊಳವೆ ಏರಿಸಿ, ಸಡಿಲು ಕೊಟ್ಟು, ಎಲ್ಲ ಗೇರನ್ನೂ ಹಾಕಿ ನೋಡಿ ಕಳಿಸಿದೆ.

ಮುಂದಿನ ಸಲ ಬಂದಾಗ ಕಾಕಾನ ಮುಖದಲ್ಲಿ ನಗು ಇರಲಿಲ್ಲ. “ಬಟನ್ ಚಲೋ ಐತಿ ಮಿಸ್ತ್ರಿ. ಖರೇ, ಟರ್ನಿಂಗಿನ್ಯಾಗ ಕೈ ಅಲ್ಲಿ ಇರಂಗಿಲ್ಲಲ್ಲ. ಗೇರು ಮದಲ ಹಾಕಿರ್ತೇನಿ, ಆಮ್ಯಾಲೆ ಕೈ ಸ್ಟೀರಿಂಗಿಗೆ ಬರತೈತಿ. ಮತ್ತ ಎತ್ತಬೇಕು.”

“ಹಂಗಾರ ನಾ ನೋಡ್ಲಾರದ ಆಗಂಗಿಲ್ರಿ ಕಾಕಾ,” ಎಂದೆ. “ನಿಮ್ಮ ಕೈ ಯಾವಾಗ ಎಲ್ಲಿ ಇರತೈತಿ ನೋಡಬೇಕು. ಇವತ್ತ ನಿಮ್ಮ ಜೋಡಿ ಬರ್ತೇನಿ.”

ಸಾಮಾನಿನ ಚೀಲ ತೆಗೆದುಕೊಂಡು ಶೆಡ್ಡಿಗೆ ಬೀಗ ಹಾಕಿದೆ. ಸಂಜೆ ತಿರುಗಿ ಬರಲಿಕ್ಕೆ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಯೋಚಿಸಲಿಲ್ಲ. ಮನೆಗೆ ಬಂದು ಮಾಡುವುದೇನೂ ಇರಲಿಲ್ಲ.

ಆಸ್ಪತ್ರೆಯಿಂದ ಕಾಕು ಬಂದರು. ಕಾಕಾನ ಹೆಂಡತಿ, ಸಣ್ಣ ಮೈಯವರು, ಕೈಗೆ ಸೂಜಿ ಚುಚ್ಚಿದಲ್ಲಿ ಪಟ್ಟಿ. ಡಯಾಲಿಸಿಸ್ ಆದವರು ಗಾಡಿ ಹತ್ತಿದ ಕೂಡಲೇ ಒರಗಿ ಮಲಗುವುದನ್ನು ನಾನು ಕಂಡಿದ್ದೇನೆ. ಅವರು ಮಲಗಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು, ಎದುರಿನ ಸೀಟಿನ ಬೆನ್ನು ಹಿಡಿದುಕೊಂಡು, ಕಾಕಾನ ಭುಜದ ಮೇಲಿಂದ ನೋಡುತ್ತಲೇ ಇದ್ದರು. ಮುಂದೆ ಕೂರಿರಿ ಎಂದು ನಾನು ಹೇಳಿದೆ. ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂದರು. ಏನು ಕಾಣುತ್ತದೆ ಎಂದು ನಾನು ಕೇಳಲಿಲ್ಲ.

ದೇಸೂರು ದಾಟಿದ ಮೇಲೆ ಹೆದ್ದಾರಿ ನೆಟ್ಟಗಿತ್ತು. ಒಮ್ಮೆಲೇ ಕಾಕು, “ಏನ್ರೀ,” ಎಂದರು. ಕಾಕಾ “ಏನ?” ಎಂದರು. “ಏನಿಲ್ಲ,” ಎಂದರು ಕಾಕು. ಮುಂದೆ ಹೋಗಿ ಮತ್ತೊಮ್ಮೆ ಹಾಗೆಯೇ. ಗಂಡ ಹೆಂಡತಿಯ ನಡುವಿನ ಯಾವುದೋ ರೂಢಿ ಎಂದುಕೊಂಡೆ.

ಖಾನಾಪುರದಲ್ಲಿ ಕಾಕಾ ಗುಳಿಗೆ ತರಲು ಔಷಧಿ ಅಂಗಡಿಗೆ ಇಳಿದರು. ಕಾಕು ಅವರು ರಸ್ತೆ ದಾಟುವತನಕ ಕಾದು ನನ್ನ ಕಡೆ ತಿರುಗಿದರು.

“ನೀವು ನೋಡಿದ್ರಿ ಇಲ್ಲೋ?”

“ಏನ್ರಿ?”

“ಅವರ ಬಲಗೈ. ಸ್ಟೀರಿಂಗ್ ಮ್ಯಾಗಿಂದ ಜಾರಿ ತೊಡಿ ಮ್ಯಾಲೆ ಬೀಳತೈತಿ. ಅವರಿಗೆ ಗೊತ್ತಾಗಂಗಿಲ್ರಿ. ನಾ ಏನ್ರೀ ಅಂದ್ರ ಎಚ್ಚರಾಗಿ ಎತ್ತಿ ಇಟ್ಕೋತಾರ. ಕೈ ಬಿದ್ದೇತಿ ಅಂತ ಹೇಳಿದ್ರ ಮನಸ್ಸಿಗೆ ಹಚ್ಕೋತಾರ, ಅದಕ್ಕ ಹೇಳಂಗಿಲ್ಲ. ಮಷೀನಿನ ಮ್ಯಾಲೆ ಮಲಗಿ ಬಂದ ದಿನಾ ಮೈ ಪೂರಾ ಬಿದ್ದ ಹೋಗಿರತೈತಿ. ಆದ್ರೂ ದಾರ್ಯಾಗ ನಾ ಕಣ್ಣ ಮುಚ್ಚಂಗಿಲ್ಲ. ಮುಚ್ಚಿದ್ರ ಇಬ್ಬರದೂ ಮುಗೀತು.”

ಕಾಕಾ ಗುಳಿಗೆಯ ಚೀಲ ಹಿಡಿದು ಬರುತ್ತಿದ್ದರು. ಕಾಕು ಸೀಟಿನ ಬೆನ್ನು ಹಿಡಿದು ಮೊದಲಿನ ಹಾಗೆ ಕೂತರು.

ಊರು ಬಿಟ್ಟು ಕಾಡು ಶುರುವಾದ ಮೇಲೆ ನಾನೂ ಆ ಕೈಯನ್ನೇ ನೋಡಿದೆ. ಎಡಗೈ ಸ್ಟೀರಿಂಗ್ ಮೇಲೆ ಇರುವವರೆಗೆ ಬಲಗೈ ಅದರ ಸಂಗಡ ಸುಮ್ಮನೆ ಸವಾರಿ ಮಾಡುತ್ತಿತ್ತು. ತಿರುವು ಬಂದಾಗ ಕಾಕಾ ಹಳೆಯ ಶಿಸ್ತಿನಂತೆ ಎಡಗೈ ಎತ್ತಿ ಒಂದು ಉದ್ದ ಹೊಡೆಯುತ್ತಿದ್ದರು. ಆ ಹೊತ್ತಿಗೆ ಗಾಡಿ ಹಿಡಿದಿರುತ್ತಿದ್ದದ್ದು ಬಲಗೈ ಒಂದೇ. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಅದು ಜಾರಿತು. ಗಾಡಿ ಬಲಕ್ಕೆ ಸರಿಯಿತು. ಎದುರಿನಿಂದ ಕಟ್ಟಿಗೆ ಹೇರಿದ ಟೆಂಪೋ ಬಂತು. ಕಾಕು, “ಏನ್ರೀ!” ಎಂದು ಚೀರಿದರು. ಕಾಕಾ ಎಡಗೈಯಿಂದ ಸ್ಟೀರಿಂಗ್ ಎಳೆದರು. ಟೆಂಪೋದವನು ಬೈಯುತ್ತಾ ನಮ್ಮ ಕನ್ನಡಿಗೆ ತಾಗಿಯೂ ತಾಗದಂತೆ ದಾಟಿ ಹೋದ.

“ನೋಡಿದೇನೋ ಮಿಸ್ತ್ರಿ?” ಎಂದರು ಕಾಕಾ. “ಹಾರ್ನ್ ಹೊಡೀಲಾರದ ಬಂದಾ ಮಗಾ.”

ನನಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಕಾಕುವಿನ ಬೆರಳುಗಳು ಸೀಟಿನ ಬಟ್ಟೆಯೊಳಗೆ ಹೋಗಿದ್ದನ್ನು ನೋಡಿದೆ. ಹೆದರಿಕೆ ಅಂದರೆ ಅದು, ಅದು ಅವರ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ ಎಂದು ಲೆಕ್ಕ ಹಾಕಿದೆ.

ಮನೆಯ ಅಂಗಳದಲ್ಲಿ ಗಾಡಿ ನಿಂತಿತು. ಸೊಸೆ ಬಂದು ಅತ್ತೆಯನ್ನು ಹಿಡಿದು ಇಳಿಸಿ ಕಟ್ಟೆಯ ಮೇಲೆ ಕೂರಿಸಿದಳು. ಬೆಳಗಾವಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕಾಕಾ ನನ್ನನ್ನು ಕರೆದು, “ಹೇಳು ಈಗ. ಎಲ್ಲಿ ಹಚ್ಚತೀ?” ಎಂದರು.

ನನ್ನ ಮನಸ್ಸಿನಲ್ಲಿ ಮರುಕ ಇದ್ದಿದ್ದರೆ ಮುಂದಿನದನ್ನು ನಾನು ಮಾಡುತ್ತಿರಲಿಲ್ಲ. ಸ್ಟೀರಿಂಗಿನ ಎಡಕ್ಕೆ ಬೆರಳಿಗೆ ಸಿಗುವಂತೆ ಎಲ್ಲೋ ಒಂದು ಬಟನ್ ಅಂಟಿಸಿ, ಚಹಾ ಕುಡಿದು, ಬಸ್ಸು ಹಿಡಿಯುತ್ತಿದ್ದೆ. ಅದು ಆಗುವಂಥದ್ದೇ. ಹಾರ್ನ್ ಸರಿಯಾಗಿ ಹೊಡೆಯುತ್ತಿತ್ತು, ಗಾಡಿ ಸರಿಯಾಗಿ ಕಮರಿಗೆ ಬೀಳುತ್ತಿತ್ತು.

“ಕಾಕಾ, ಕಣ್ಣ ಮುಚ್ಚರಿ. ಬಲಗೈ ಮುಂದ ಮಾಡ್ರಿ,” ಎಂದೆ.

ಅಳತೆಗೆ ಇರಬೇಕೆಂದು ಅವರು ಮುಚ್ಚಿದರು. ಚೀಲದಿಂದ ಒಂದು ಬಟನ್ ತೆಗೆದು ಅವರ ಅಂಗೈಯಲ್ಲಿಟ್ಟು, ನಾನೇ ಬೆರಳು ಮಡಚಿದೆ. ಮುಷ್ಟಿಯನ್ನು ಸ್ಟೀರಿಂಗ್ ಹಿಡಿದ ಹಾಗೆ ತಿರುಗಿಸಿ, “ಬಿಡಬ್ಯಾಡ್ರಿ,” ಎಂದೆ. ಬೆರಳುಗಳು ಒಂದೊಂದಾಗಿ ಸಡಿಲಾದವು. ಬಟನ್ ಕೆಂಪು ಮಣ್ಣಿನ ಮೇಲೆ ಸಪ್ಪಳವಿಲ್ಲದೆ ಬಿತ್ತು.

“ಐತೇನ್ರಿ ಕೈಯಾಗ?”

“ಐತಲ್ಲ. ಬಿಗಿ ಹಿಡದೇನಿ.”

ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸೊಸೆ ಒಳಗೆ ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಹೊಸ್ತಿಲಲ್ಲಿ ನಿಂತಳು.

“ಕಣ್ಣ ತಗೀರಿ,” ಎಂದೆ.

ಅವರು ಕೈ ನೋಡಿದರು, ನೆಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮುಖ ಕಪ್ಪಿಟ್ಟಿತು. “ನಿನ್ನ ಹಾರ್ನ್ ಹಚ್ಚಾಕ ಕರದೇನಿ. ನನ್ನ ಕೈ ನೋಡಾಕ ಕರದಿಲ್ಲ.”

“ಡಾಕ್ಟರು ಗಾಡಿ ಹೊಡೀರಿ ಅಂದಾರೇನ್ರಿ?”

“ಬ್ಯಾಡ ಅಂತ ಅಂದಿಲ್ಲ.”

“ಕೇಳಿದ್ರೇನು?”

“ಕೇಳಿದ್ರ ಬ್ಯಾಡ ಅಂತಾರಲ್ಲೋ!” ಎಂದು ಕೂಗಿದರು. ಕೂಗಿದ ಮೇಲೆ ತಾವು ಏನು ಹೇಳಿದೆವು ಎಂಬುದು ಅವರಿಗೇ ಕೇಳಿಸಿರಬೇಕು. ಕಾರಿನ ಬಾನೆಟ್ಟಿಗೆ ಒರಗಿ ನಿಂತರು. ಕೊನೆಗೆ, “ಹಂಗಾರ ಈಕಿನ್ನ ಯಾರು ಒಯ್ಯಾವ್ರು?” ಎಂದರು. ದನಿ ಇಳಿದಿತ್ತು.

“ನಂಗ ಲೈಸೆನ್ಸ್ ಐತ್ರಿ ಮಾವಾರ,” ಎಂದಳು ಸೊಸೆ ಹೊಸ್ತಿಲಿಂದ.

“ಐತಿ, ಗೊತ್ತೈತಿ ನಂಗ. ಒಂದ ಸಲ ಕೊಟ್ಟಿದ್ನಿಲ್ಲ ಗಾಡಿ? ಇಲ್ಲಿಂದ ಖಾನಾಪುರದ ಮಟಾ ಒಂದ ಟರ್ನಿಂಗಿನ್ಯಾಗರೆ ಹಾರ್ನ್ ಹೊಡದೇನವಾ ನೀ? ಅವತ್ತ ನನ್ನ ಜೀವಾ ಬಾಯಾಗ ಬಂದಿತ್ತು.”

“ಗೇರು, ಬ್ರೇಕು, ಸ್ಟೀರಿಂಗು ನೋಡೂದ್ರಾಗ ಮರತ ಹೋಗತೈತ್ರಿ.”

“ಮರತ ಹೋಗತೈತಂತ!” ಎಂದು ಕಾಕಾ ನನ್ನ ಕಡೆ ತಿರುಗಿದರು, ನ್ಯಾಯ ನಾನೇ ಹೇಳಬೇಕು ಎಂಬಂತೆ.

ಸೊಸೆಗೆ ಗಾಡಿ ಕೊಡದೆ ಇದ್ದದ್ದಕ್ಕೆ ಕಾರಣ ಗಂಡಸಿನ ಹಟ ಎಂದು ನಾನು ಮೊದಲು ಅಂದುಕೊಂಡೆ. ಅದಲ್ಲ. ಹಾರ್ನ್ ಹೊಡೆಯದವರ ಕೈಗೆ ಹೆಂಡತಿಯ ಜೀವ ಕೊಡಲು ಈ ಮನುಷ್ಯನಿಗೆ ಆಗುತ್ತಿರಲಿಲ್ಲ. ಜೋಮು ಹಿಡಿದ ಕೈಗೆ ಕೊಟ್ಟರೂ ಅಡ್ಡಿಯಿಲ್ಲ, ಅದು ಹಾರ್ನ್ ಮರೆಯುವುದಿಲ್ಲವಲ್ಲ.

“ಅಂದ್ರ ಆಕಿಗೆ ಸ್ಟೀರಿಂಗ್ ಬರತೈತಿ, ಹಾರ್ನ್ ನೆಪ್ಪ ಇರಂಗಿಲ್ಲ,” ಎಂದೆ. “ನಿಮಗ ಹಾರ್ನ್ ನೆಪ್ಪ ಐತಿ. ಎಡಗೈಯೂ ಬರೋಬರ್ ಐತಿ. ಎಡಗಡೆ ಸೀಟಿನ್ಯಾಗ ಕುಂದರ್ರಿ. ಆ ಬಾಜೂಕ ಬಟನ್ ಹಚ್ಚತೇನಿ. ಟರ್ನಿಂಗ್ ನಿಮ್ಮವು.”

ಕಾಕಾ ಹೋಗಿ ಎಡಗಡೆಯ ಬಾಗಿಲು ತೆರೆದು ಒಳಗೆ ಕೂತರು. ಸ್ವಂತ ಗಾಡಿಯ ಆ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲ ಸಲವಂತೆ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹುಡುಕಿದರು.

ಬಟನ್ ಜಾಗದ್ದೇ ದೊಡ್ಡ ವಿಚಾರವಾಯಿತು. ಬಾಗಿಲ ಮೇಲೆ ಹಚ್ಚಿದರೆ ತೆರೆದು ಮುಚ್ಚುವಾಗ ಕೀಲಿನಲ್ಲಿ ವೈರು ಮುರಿಯುತ್ತದೆ. ಸೀಟಿಗೆ ಹಚ್ಚಿದರೆ ಸೀಟು ಹಿಂದೆ ಮುಂದೆ ಜರುಗಿ ಹಳಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಗೇರಿನ ಪಾಠ ನನಗೆ ಒಮ್ಮೆ ಆಗಿತ್ತು. ಅಲ್ಲಾಡುವ ಯಾವುದರ ಮೇಲೂ ಬೇಡ ಎಂದು ತೀರ್ಮಾನಿಸಿದೆ. ಟರ್ನಿಂಗ್ ಬಂದಿದೆ ಎಂದುಕೊಂಡು ಕೂರಿರಿ ಎಂದು ಕಾಕಾಗೆ ಹೇಳಿದೆ. ಅವರ ಎಡಗೈ ತಾನಾಗಿ ಮೇಲೆ ಹೋಗಿ, ಕಿಟಕಿಯ ಮೇಲೆ ಛತ್ತಿಗೆ ಇರುವ ಹಿಡಿಯನ್ನು ಹಿಡಿದುಕೊಂಡಿತು. ಅಲ್ಲಿಗೇ ಹಚ್ಚಿದೆ. ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಕಳಚಿ, ರಿಲೇಯಿಂದ ವೈರು ತಂದು ಅದರೊಳಗೆ ಏರಿಸಿ, ಪ್ರತಿ ಗೇಣಿಗೆ ಟೇಪು ಸುತ್ತಿದೆ. ಕಂಬದ ಸ್ಕ್ರೂ ಬುಡದಲ್ಲಿ ಬಣ್ಣ ಕೆರೆದು ಅರ್ಥ್ ಬಿಗಿದೆ. ಹಿಡಿಯ ತುದಿಗೆ ಬಟನ್ ಕೂರಿಸಿದೆ. ಗೇರ್ ಮೇಲಿನ ಬಟನ್ ಕಿತ್ತು, ಆ ತೂತಿಗೆ ಒಂದು ಬಿರಡೆ ಹಾಕಿದೆ. ಕತ್ತಲಾಗುವ ಹೊತ್ತಿಗೆ ಮುಗಿಯಿತು. ಬಸ್ಸಿನ ಹೊತ್ತು ಮೀರಿತ್ತು. ಮರುದಿನ ಅವರು ಕಾಕುವಿನ ರಕ್ತ ತಪಾಸಣೆಗೆ ಬೆಳಗಾವಿಗೆ ಬರುವವರೇ ಇದ್ದರು. ಅಲ್ಲಿಯೇ ಉಳಿದೆ. ಅನ್ನ ಬಡಿಸಿದರು, ಉಂಡೆ.

ಬೆಳಿಗ್ಗೆ ಸೊಸೆ ಬಲಗಡೆ ಕೂತಳು. ಕಾಕಾ ಎಡಗಡೆ. ನಾನೂ ಕಾಕುವೂ ಹಿಂದೆ. ಕಾಕು ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದರು. ಮೊದಲ ತಿರುವಿಗೆ ಕಾಕಾ ಒಂದು ಉದ್ದ ಹೊಡೆದರು. ಸೊಸೆ ಬೆಚ್ಚಿ ಬ್ರೇಕ್ ಒತ್ತಿದಳು, ಗಾಡಿ ಕೆಮ್ಮಿ ನಿಂತಿತು.

“ಹೆದರಬ್ಯಾಡವಾ. ಉದ್ದಂದು ಹೊಡದ್ನಂದ್ರ ಟರ್ನಿಂಗ್ ಬಂತು ಅಂತ. ಗೇರು ಇಳಿಸು. ಗಿಡ್ಡಾನೂ ಎರಡು ಹೊಡದ ಮ್ಯಾಲೆ ಹಾದಿ ಖುಲ್ಲಾ ಐತಿ ಅಂತ ತಿಳಿ.”

ಎರಡನೇ ತಿರುವು ಪರವಾಗಿಲ್ಲ. ಐದಾರು ಆಗುವಷ್ಟರಲ್ಲಿ ಇಬ್ಬರಿಗೂ ಹೊಂದಿತು. ಅವರು ಹೊಡೆಯುವುದು, ಅವಳು ಇಳಿಸುವುದು, ಅವರು ಹೊಡೆಯುವುದು, ಅವಳು ತಿರುಗಿಸುವುದು. ಎದುರಿನಿಂದ ಬಂದ ಬಸ್ಸಿನ ಡ್ರೈವರ್ ಹಾರ್ನ್ ಕೇಳಿ ದೂರದಲ್ಲೇ ಬದಿಗೆ ನಿಂತು ದಾರಿ ಕೊಟ್ಟ. ಎಡಗಡೆ ಕೂತ ಕಾಕಾನನ್ನು ನೋಡಿ ಅವನಿಗೆ ಗೊಂದಲವಾಯಿತು. ಕಾಕಾ ಗಂಭೀರವಾಗಿ ತಲೆಯಾಡಿಸಿದರು. ಅವರ ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ಈಗ ಯಾರೂ ಎತ್ತಬೇಕಾಗಿರಲಿಲ್ಲ.

ಖಾನಾಪುರ ದಾಟಿ ಹೆದ್ದಾರಿಗೆ ಹತ್ತಿದೆವು. ನನ್ನ ಭುಜಕ್ಕೆ ಏನೋ ತಾಗಿತು. ಕಾಕುವಿನ ತಲೆ. ಸೀಟಿನ ಬೆನ್ನು ಹಿಡಿದಿದ್ದ ಕೈಗಳು ಕಳಚಿ ಮಡಿಲಿಗೆ ಬಂದಿದ್ದವು, ಬಾಯಿ ತುಸು ತೆರೆದಿತ್ತು. ಆ ರಸ್ತೆಯಲ್ಲಿ ಎಷ್ಟು ತಿಂಗಳಿಂದ ಎಚ್ಚರ ಕೂತಿದ್ದರೋ, ಎಲ್ಲವೂ ಒಟ್ಟಿಗೆ ಬಂದ ಹಾಗೆ ನಿದ್ದೆ ಮಾಡುತ್ತಿದ್ದರು. ನಾನು ಅಲ್ಲಾಡದೆ ಕೂತೆ.

ದೇಸೂರಿನ ಹತ್ತಿರ ರಸ್ತೆಗೆ ಅಡ್ಡಲಾಗಿ ಎಮ್ಮೆಗಳು ಬಂದವು. ಸೊಸೆ ಗಾಡಿ ನಿಲ್ಲಿಸಿದಳು. ಕಾಕಾನ ಕೈ ತಟ್ಟನೆ ಮೇಲಿನ ಹಿಡಿಗೆ ಹೋಯಿತು. ಹೆಬ್ಬೆರಳು ಬಟನ್ ಮೇಲೆ ಬಂತು. ಹಿಂದೆ ಯಾವ ಗಾಡಿ ಬಂದಿದೆ ಎಂದು ನೋಡಲೋ ಏನೋ ಹಿಂದೆ ತಿರುಗಿದರು. ಹೆಂಡತಿಯನ್ನು ನೋಡಿದರು.

ಕೈ ಕೆಳಗೆ ಬಂತು. ಸೊಸೆಯೂ ಅಷ್ಟರಲ್ಲಿ ನೆನಪು ಮಾಡಿಕೊಂಡು ಸ್ಟೀರಿಂಗ್ ನಡುವೆ ಅಂಗೈ ಇಟ್ಟಿದ್ದಳು. ಅವರು ತಲೆ ಅಲ್ಲಾಡಿಸಿ ಬೇಡ ಎಂದರು. ಕಿಟಕಿಯ ಗಾಜನ್ನು ಎಡಗೈಯಿಂದಲೇ ಮೆಲ್ಲಗೆ ತಿರುಗಿಸಿ ಇಳಿಸಿದರು, ತೋಳು ಹೊರಗೆ ಚಾಚಿದರು, ಬಾಯಿ ತೆರೆಯದೆ ಎಮ್ಮೆಗಳತ್ತ ಕೈ ಬೀಸಿದರು. ಎಮ್ಮೆಗಳು ನೋಡಿದವು, ಅಲ್ಲೇ ನಿಂತವು. ಅವರು ಇನ್ನೂ ಬೀಸಿದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದಾಗ ಕಾಕಾ ಅರ್ಧ ಮೈ ಹೊರಗೆ ಹಾಕಿ, ತುಟಿಯ ಮೇಲೆ ಬೆರಳಿಟ್ಟು ಅವನಿಗೆ ತೋರಿಸಿದರು. ಅಷ್ಟು ವರ್ಷ ಆ ರಸ್ತೆಯ ಪ್ರತಿ ತಿರುವಿನಲ್ಲಿ ಹಾರ್ನ್ ಹೊಡೆದ ಮನುಷ್ಯ.

ನನ್ನೊಳಗೆ ಏನೋ ಸುಟ್ಟಂತಾಯಿತು. ಇಷ್ಟು ದಿನದ ಮೇಲೆ ಏನೋ ಒಂದು ಬಂತಲ್ಲ, ಅಳು ಇರಬೇಕು ಎಂದುಕೊಂಡೆ. ಅಳುವಾಗಿರಲಿಲ್ಲ. ಅದು ಹೊಟ್ಟೆಕಿಚ್ಚು. ಲಕ್ವಾ ಹೊಡೆದ ಆ ಮುದುಕನ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ನಿದ್ದೆ ಕೆಡಬಾರದು ಎಂದು ಸುಮ್ಮನಿರಲಿಕ್ಕೆ ಅವರಿಗೆ ಒಬ್ಬರಿದ್ದರು. ನಾನು ನನ್ನ ಮನೆಯಲ್ಲಿ ಎಷ್ಟು ಸಪ್ಪಳ ಮಾಡಿದರೂ ನಡೆಯುತ್ತಿತ್ತು.